ಇಂಜಿನ್ ಪಾಂಡವಪುರದ್ದು, ಬೋಗಿ ಕಿಕ್ಕೇರಿಯವು

ನವರಾತ್ರಿಗೆ ಗೊಂಬೆ ಕೂರಿಸುವುದು ನಮ್ಮ ಮನೆಗೆ ನನ್ನ ಅತ್ತೆಯ ಅತ್ತೆಯ ಕಾಲದಿಂದ ಬಂದದ್ದು. ಪಟ್ಟದ ರಾಜ ರಾಣಿ ಮೇಲಿನ ಮೆಟ್ಟಿಲಲ್ಲಿ, ದೇವರುಗಳು ಅದರ ಕೆಳಗೆ, ಶೆಟ್ಟರ ಅಂಗಡಿ, ಮದುವೆ ದಿಬ್ಬಣ, ಹಸು ಕರು ಎಲ್ಲ ಇನ್ನೂ ಕೆಳಗೆ. ವರ್ಷಕ್ಕೊಂದಾದರೂ ಹೊಸ ಗೊಂಬೆ ಸೇರಬೇಕು ಅನ್ನುವುದು ಎಲ್ಲರ ಮನೆಯ ಕಟ್ಟಳೆ. ನಮ್ಮಲ್ಲಿ ಮಾತ್ರ ಆ ಹೊಸದು ಅಂಗಡಿಯಿಂದ ಬರುತ್ತಿರಲಿಲ್ಲ. ನಮ್ಮ ಯಜಮಾನರು ಅಕ್ಕಸಾಲಿ. ಶ್ರೀರಂಗಪಟ್ಟಣದ ಕೋಟೆಯೊಳಗಿನ ಈ ಮನೆಯ ಮುಂದಿನ ಕೋಣೆಯಲ್ಲೇ ಅವರ ಕೆಲಸದ ಮಣೆ. ಗೌರಿ ಹಬ್ಬ ಕಳೆಯಿತೆಂದರೆ ಹಿತ್ತಾಳೆ, ತಾಮ್ರದ ಚೂರುಪಾರು ಕೂಡಿಸಿಕೊಂಡು, ಬಿಡುವಾದಾಗ ಏನಾದರೊಂದು ಮಾಡುತ್ತಿದ್ದರು. ಒಂದು ವರ್ಷ ರಾಟೆಯಿರುವ ಬಾವಿ. ರಾಟೆ ತಿರುಗಿಸಿದರೆ ಕೊಡ ಇಳಿಯುತ್ತದೆ. ಒಂದು ವರ್ಷ ಕಬ್ಬಿನ ಗಾಣ. ಒಂದು ವರ್ಷ ಹರಿಗೋಲು, ಅದರೊಳಗೆ ಛತ್ರಿ ಹಿಡಿದ ಹೆಂಗಸು. ಆ ಹೆಂಗಸು ನಾನೇ ಅಂತ ಅವರು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಛತ್ರಿಯ ಒಂದು ಕಡ್ಡಿ ಮುರಿದಿತ್ತು, ನನ್ನದರ ಹಾಗೆಯೇ.

ಗ್ಯಾಸಿನ ಉರಿ ಬಂದ ಮೇಲೂ ಸಣ್ಣ ಕೆಲಸಕ್ಕೆ ಅವರು ಎಣ್ಣೆದೀಪ ಬಿಟ್ಟವರಲ್ಲ. ದೀಪದ ಉರಿಯನ್ನು ಊದುಗೊಳವೆಯಿಂದ ಊದಿ ಬೆಸುಗೆ ಹಾಕುತ್ತಾರೆ. ಬೆಳಿಗ್ಗೆ ಅವರು ಮಣೆಯ ಮೇಲೆ ಕೂತಾಗ ನಾನು ದೇವರ ದೀಪದಿಂದ ಬತ್ತಿ ಹಚ್ಚಿಕೊಂಡು ಹೋಗಿ ಆ ಕೆಲಸದ ದೀಪಕ್ಕೆ ಮುಟ್ಟಿಸಬೇಕು. ಮದುವೆಯಾಗಿ ಬಂದ ಮಾರನೇ ದಿನ ಅತ್ತೆಮ್ಮ ನನಗೆ ಕಲಿಸಿದ ಮೊದಲ ಕೆಲಸ ಅದು. ಈ ಮನೆಯ ಕಾಫಿಯ ಹದ ಕಲಿಸಿದ್ದು ಆಮೇಲೆ.

ಹೋದ ವರ್ಷ ಆ ದೀಪ ನಿಂತುಹೋಯಿತು.

ಬಾಬುರಾಯನಕೊಪ್ಪಲಿನ ಒಬ್ಬ ಹೆಣ್ಣುಮಗಳು ತನ್ನ ತಾಳಿಯ ಕೊಂಡಿ ಸವೆದಿದೆ ಎಂದು ತಂದುಕೊಟ್ಟಿದ್ದಳು. ಇವರ ಕಣ್ಣಿಗೆ ಆಗಲೇ ಪೊರೆ ಬಂದಿತ್ತು. ಯಾರಿಗೂ ಹೇಳಿರಲಿಲ್ಲ. ಉರಿಯ ತುದಿ ಎಲ್ಲಿ ಮುಟ್ಟುತ್ತಿದೆ ಎಂದು ಕಾಣದೆ, ಕೊಂಡಿಯ ಜೊತೆ ತಾಳಿಯೂ ಕರಗಿ ಗೋಲಿಯಾಗಿ ಕೂತಿತು. ಅಕ್ಕಸಾಲಿಯ ಮನೆಯಲ್ಲಿ ಏನು ಬೇಕಾದರೂ ಕರಗಬಹುದು, ಮುತ್ತೈದೆಯ ತಾಳಿ ಕರಗಬಾರದು. ಇವರು ಆಕೆಯನ್ನು ಕರೆಸಿ, ಇದ್ದದ್ದನ್ನು ಇದ್ದ ಹಾಗೆ ಹೇಳಿ, ಬೇರೆಯವರ ಕೈಯಲ್ಲಿ ಹೊಸ ತಾಳಿ ಮಾಡಿಸಿಕೊಟ್ಟರು. ಆಕೆ ದೊಡ್ಡ ಮನಸ್ಸಿನವಳು. "ಓಗ್ಲಿ ಬುಡಿ ಅಣ್ಣ, ನನ್ ಗಂಡ ಗುಂಡ್‌ಕಲ್ ಇದ್ದಂಗವ್ನೆ, ಅವುನ್ಗೇನೂ ಆಗಕಿಲ್ಲ" ಅಂದು ನಕ್ಕು ಹೋದಳು. ಇವರು ನಗಲಿಲ್ಲ. ಊದುಗೊಳವೆ ಒರೆಸಿ ಡಬ್ಬಿಯೊಳಗೆ ಹಾಕಿದರು. ಆ ವರ್ಷ ಗೊಂಬೆಗೆ ಹೊಸದು ಏನೂ ಸೇರಲಿಲ್ಲ. ಆಯುಧಪೂಜೆಗೆ ಹತಾರಗಳನ್ನಿಟ್ಟು ಪೂಜೆ ಮಾಡಿದೆವು. ಮಾರನೇ ದಿನ ದಶಮಿ, ಪೂಜೆಗಿಟ್ಟ ಹತಾರವನ್ನು ಎತ್ತಿ ಕೆಲಸ ಶುರುಮಾಡಬೇಕಾದ ದಿನ. ಇವರು ಎತ್ತಲಿಲ್ಲ.

ಆಮೇಲೆ ಕಣ್ಣಿನ ಆಪರೇಷನ್ ಆಯಿತು. ದೇವರು ದೊಡ್ಡವನು, ಕಣ್ಣು ಚೆನ್ನಾಗಿ ಬಂತು. ಗೋಡೆಯ ಮೇಲಿನ ಇರುವೆ ಎಣಿಸುವಷ್ಟು ಬಂತು. ಡಾಕ್ಟರು ಕೆಲಸ ಮಾಡಬಹುದು ಅಂದರು. ಆದರೂ ಇವರು ಜಗುಲಿಯ ಮೇಲೆ ಪೇಪರು ಹಿಡಿದು ಕೂರುವರು, ಮುಂದಿನ ಕೋಣೆಯ ಬಾಗಿಲು ಮುಂದಕ್ಕೆ ಹಾಕಿಯೇ ಇರುವುದು. ಹೊಟ್ಟೆಬಟ್ಟೆಗೆ ದೇವರು ಕಡಿಮೆ ಮಾಡಿರಲಿಲ್ಲ. ಆದರೆ ಕೈಗೆ ಕೆಲಸವಿಲ್ಲದ ಗಂಡಸು ಮನೆಯಲ್ಲಿ ಸುಮ್ಮನೆ ಕೂತರೆ ಮನೆಯ ಸದ್ದೇ ಬೇರೆಯಾಗುತ್ತದೆ. ಗಂಜಾಮಿಗೆ ಹೋಗಿ ನಿಮಿಷಾಂಬ ತಾಯಿಯ ಮುಂದೆ ನಿಂತಾಗಲೆಲ್ಲ ನಾನು ಬೇಡಿಕೊಂಡದ್ದು ಒಂದೇ: ಇವರು ಮತ್ತೆ ಆ ಮಣೆಯ ಮೇಲೆ ಕೂರಲಿ ತಾಯಿ.

ರೈಲಿನ ಮಾತು ಹುಟ್ಟಿದ್ದು ಆ ಕಣ್ಣಿನ ಆಸ್ಪತ್ರೆಯಲ್ಲೇ. ಪಕ್ಕದ ಮಂಚದವರು ಪಾಂಡವಪುರದವರು, ಬ್ಯಾಂಕಿನಲ್ಲಿದ್ದು ನಿವೃತ್ತರಾದ ಹಿರಿಯರು. ಇಬ್ಬರೂ ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಕೊಂಡು ಎದುರುಬದುರು ಕೂತಿದ್ದರು.

"ನಿಮ್ದು ಯಾವ ಕಣ್ಣು?" ಅಂತ ಅವರು ಕೇಳಿದರು.

"ಬಲಗಣ್ಣು."

"ನಂದು ಎಡಗಣ್ಣು. ಇಬ್ರೂ ಸೇರುದ್ರೆ ಒಬ್ಬ ಮನ್ಸ ಆಯ್ತೀವಿ ಬುಡಿ."

ಅಷ್ಟರಲ್ಲಿ ದೂರದಲ್ಲಿ ರೈಲು ಕೂಗಿತು. ಹೊಗೆ ಇಂಜಿನ್ನಿನ ಕೂಗು ಹೀಗಿರಲಿಲ್ಲ ಅಂತ ಒಬ್ಬರೆಂದರು, ಹೌದು ಅಂತ ಇನ್ನೊಬ್ಬರೆಂದರು. ಆಗ ಇವರು, ಅಷ್ಟು ದಿನ ಬೇಕು ಬೇಡ ಬಿಟ್ಟು ಮೂರನೇ ಮಾತಾಡದವರು, ತಮ್ಮ ಚಿಕ್ಕಂದಿನ ಕಥೆ ತೆಗೆದರು. ಹೊಳೆಯ ಸೇತುವೆ ದಾಟಿ ರೈಲು ಬರುವ ಹೊತ್ತಿಗೆ ಇವರು ತಾಮ್ರದ ತಂತಿಯ ಚೂರುಗಳನ್ನು ಕಂಬಿಯ ಮೇಲಿಟ್ಟು ಬೇಲಿಯ ಹಿಂದೆ ಕೂರುತ್ತಿದ್ದರಂತೆ. ರೈಲು ಹೋದ ಮೇಲೆ ತಂತಿ ಚಪ್ಪಟೆಯಾಗಿ ತಗಡಾಗಿರುತ್ತಿತ್ತು. ಅದನ್ನು ಅಪ್ಪನಿಗೆ ತೋರಿಸಿ, ನಾನೇ ಬಡಿದೆ ಅನ್ನುವುದು. ಅಪ್ಪ ಒಂದು ದಿನ ತಗಡನ್ನು ಬೆಳಕಿಗೆ ಹಿಡಿದು, "ಸುತ್ತಿಗೆ ಏಟೇ ಇಲ್ವಲ್ಲೋ ಇದ್ರಲ್ಲಿ, ಯಾವ ಸುತ್ತಿಗೇಲಾ ಇದು?" ಅಂತ ಕೇಳಿ, ಬೆನ್ನಿಗೆ ಎರಡು ಕೊಟ್ಟರಂತೆ.

ಪಾಂಡವಪುರದವರು ಕಣ್ಣಿನ ಬಟ್ಟೆ ಜಾರುವ ಹಾಗೆ ನಕ್ಕರು. ಆಮೇಲೆ, "ನಮ್ಮನೇಲಿ ಒಂದ್ ಆಟದ ಇಂಜಿನ್ನೈತೆ. ಕರೆಂಟಿಲ್ಲ, ಕೀ ಕೊಡಂಗಿಲ್ಲ. ನೀರ್ ಕುದ್ದು ಹಬೆ ಬಂದ್ರೇನೇ ಓಡೋದು" ಅಂದರು.

"ಹೌದಾ?" ಅಂದರು ಇವರು.

ಆ "ಹೌದಾ" ಕೇಳಿ ನಾನು ಕಿತ್ತಳೆ ಸುಲಿಯುತ್ತಿದ್ದವಳು ತಲೆ ಎತ್ತಿದೆ. ಎಷ್ಟೋ ತಿಂಗಳಿಂದ ಆ ದನಿಯನ್ನು ಕೇಳಿರಲಿಲ್ಲ.

ಈ ವರ್ಷ ಗೌರಿ ಹಬ್ಬ ಕಳೆದ ಕೂಡಲೇ ಅತ್ತೆಮ್ಮ ಶುರುಮಾಡಿದರು. ಅವರಿಗೆ ಎಂಬತ್ತು ದಾಟಿದೆ, ನಾಲಿಗೆಗೆ ಇನ್ನೂ ಇಪ್ಪತ್ತು. "ಓದ್ ವರ್ಸ ಹೊಸ್ದಿಲ್ದೇ ಕೂರ್ಸುದ್ರಿ, ಸುಮ್ಕಿದ್ದೆ. ಈ ವರ್ಸ ಹೊಸ್ದಿಲ್ದಿದ್ರೆ ನನ್ನೇ ಮೆಟ್ಲು ಮೇಲ್ ಕೂರ್ಸಿ, ಎಲ್ರೂ ನೋಡ್ಕಂಡೋಗ್ಲಿ" ಅಂದರು.

"ಅಂಗಡೀಲಿ ಏನಾದ್ರೂ ತತ್ತೀನಿ ಬುಡವ್ವ" ಅಂತ ಇವರು ಪೇಪರಿನ ಹಿಂದಿನಿಂದ ಹೇಳಿದರು.

ನನಗೆ ಆ ಇಂಜಿನ್ ನೆನಪಾಯಿತು. ಪಾಂಡವಪುರದವರು ದೊಡ್ಡ ಮನೆ ಬಿಟ್ಟು ಸಣ್ಣ ಮನೆಗೆ ಹೋಗುವವರಿದ್ದರು, ಸಾಮಾನೆಲ್ಲ ವಿಲೇವಾರಿ ಮಾಡಬೇಕು ಅಂತ ಆಸ್ಪತ್ರೆಯಲ್ಲೇ ಹೇಳಿದ್ದರು. ಇವರ ಫೋನಿನಲ್ಲಿ ಅವರ ನಂಬರು ಇತ್ತು. ನಾನೇ ಮಾತಾಡಿದೆ. ಇವರಿಗೆ, "ಕಣ್ಣು ಹೇಗಿದೆ ಅಂತ ನೋಡಿಕೊಂಡು ಬರೋಣ, ಪಾಪ, ಎಡಗಣ್ಣಿನವರು" ಅಂದೆ. ಇಬ್ಬರೂ ಹೊರಟೆವು. ಪ್ಯಾಸೆಂಜರ್ ರೈಲಿನಲ್ಲಿ ಪಾಂಡವಪುರ ಸ್ಟೇಷನ್ ಅಂದರೆ ಕೂತು ಸೆರಗು ಸರಿಮಾಡಿಕೊಳ್ಳುವುದರಲ್ಲಿ ಬರುತ್ತದೆ. ಕೂರಲು ಕಿಟಕಿ ಪಕ್ಕ ಜಾಗ ಸಿಕ್ಕಿತು. ಅಂಥ ಸಣ್ಣ ಸಣ್ಣದನ್ನೂ ನಾನು ದೇವರ ಲೆಕ್ಕಕ್ಕೇ ಹಾಕುವವಳು.

ಅವರ ಮನೆ ಸ್ಟೇಷನ್ನಿಗೆ ಹತ್ತಿರ. ನಡುಮನೆಯಲ್ಲಿ ಹಳಿಗಳನ್ನು ಗುಂಡಗೆ ಜೋಡಿಸಿಟ್ಟಿದ್ದರು. ಇಂಜಿನ್ ನಮ್ಮ ಮೊರದಷ್ಟು ಉದ್ದವಿತ್ತು. ಕಪ್ಪು ಬಣ್ಣ, ಪಕ್ಕದಲ್ಲಿ ಹಳದಿ ಗೆರೆ, ಬಣ್ಣ ಅಲ್ಲಲ್ಲಿ ಚಕ್ಕೆಯೆದ್ದಿತ್ತು. ಹೊಟ್ಟೆಗೆ ನೀರು ತುಂಬಿಸಿ, ಅಡಿಯ ತಟ್ಟೆಗೆ ಸ್ಪಿರಿಟ್ ಹಾಕಿ ಕಡ್ಡಿ ಗೀರಿದರು. ನೀಲಿ ಉರಿ ಎದ್ದಿತು. ಇವರು ಒಂದು ಹೆಜ್ಜೆ ಹಿಂದಕ್ಕೆ ಸರಿದರು. ನಾನು ನೋಡಿದೆ, ನೋಡದವಳ ಹಾಗೆ ಇದ್ದೆ.

ಹಾಲು ಕಾಯುವಷ್ಟು ಹೊತ್ತಾಯಿತು. ಒಳಗೆ ಗುಯ್‌ಗುಟ್ಟಿತು, ಕೊಳವೆಯಲ್ಲಿ ಬಿಳೀ ಹಬೆ ಇಣುಕಿತು. ಅವರು ಚಕ್ರವನ್ನು ಬೆರಳಿನಿಂದ ಒಮ್ಮೆ ನೂಕಿದರು. ಚುಕ್ ಅಂತು. ಇನ್ನೊಂದು ಸಲ ಚುಕ್ ಅಂತು. ಆಮೇಲೆ ತಾನೇ ಹೊರಟಿತು. ಅದರಲ್ಲಿ ಮೋಸವೇ ಇಲ್ಲ. ನೀರು, ಬೆಂಕಿ, ಅಷ್ಟೇ. ನಮ್ಮ ಇಡ್ಲಿ ಪಾತ್ರೆಯ ಮುಚ್ಚಳ ಕುಣಿಯುತ್ತದಲ್ಲ, ಅದೇ ಶಕ್ತಿ. ಇವರು ಮಂಡಿಯೂರಿ ಕೂತು ಅದರ ಹಿಂದೆಯೇ ಕಣ್ಣು ತಿರುಗಿಸುತ್ತಿದ್ದರು.

"ಬೋಗಿಗಳೆಲ್ಲಿ?" ಅಂತ ಕೇಳಿದರು.

ಅವರು ತಲೆ ಕೆರೆದುಕೊಂಡರು. "ಬೋಗಿ ನನ್ ತಂಗಿ ತಾವವೆ, ಕಿಕ್ಕೇರೀಲಿ. ನಮ್ಮಪ್ಪ ಬೊಂಬಾಯಿಂದ ತಂದಿದ್ದು ಇದು. ಅಪ್ಪ ಓದ್ಮೇಲೆ ಪಾಲು ಮಾಡುದ್ರು. ಹಂಡೆ ನಂಗೆ, ಕೊಪ್ಪರಿಗೆ ಅವ್ಳಿಗೆ. ರೈಲ್ಗಾಡಿ ಬಂತು ನೋಡಿ, ನಮ್ ದೊಡ್ಡಪ್ಪ ಅಂದ್ರು, ಇಂಜಿನ್ನು ಗಂಡ್ಮಗನ್ಗೆ, ಬೋಗಿ ಹೆಣ್ಮಗಳ್ಗೆ. ಮಧ್ಯ ಇದ್ದ ಕೊಂಡಿ ಒಂದೇ ತುಂಡು. ಅದು ಯಾರ್ಗೆ ಅಂತ ಮತ್ತೆ ಜಗಳ. ಗರಗಸ ತರ್ಸಿ ಸಮಾ ಮಧ್ಯಕ್ಕೆ ಕುಯ್ಸುದ್ರು."

ಇಂಜಿನ್ನಿನ ಹಿಂದೆ ನೋಡಿದರೆ ನಿಜವೇ. ಕೊಯ್ದ ಮೊಂಡು ಬಾಲದ ಹಾಗೆ ನಿಂತಿತ್ತು.

"ನೀವು ತಂಗೀನ ಕೇಳಲಿಲ್ವಾ?" ಅಂದೆ.

"ನಾನ್ಯಾಕ್ ಕೇಳ್ಲಿ ಬುಡಿ. ನೀವೇ ಬೇಕಾದ್ರೆ ಕೇಳಿ. ಕೊಟ್ರೆ ಕೊಡ್ತಾಳೆ."

ಬೆಲೆಯ ಮಾತು ಬೇಗ ಮುಗಿಯಿತು, ನನ್ನ ಚೀಟಿಯ ಹಣದಲ್ಲೇ ಸರಿಹೋಯಿತು. ಅವರು ಹಳಿಗಳನ್ನೂ ಸೇರಿಸಿ ಕಟ್ಟಿಕೊಡುವಾಗ ಒಂದು ಮಾತು ಹೇಳಿದರು: "ಅಮ್ಮ, ಇದ್ನ ಹೂವಿಟ್ಟು ಕೂರ್ಸ್ಬ್ಯಾಡಿ. ಓಡಿಸ್ಬೇಕು. ಓಡ್ದೇ ಇದ್ರೆ ಒಳ್ಗೇ ತುಕ್ಕಿಡಿತದೆ." ಆಗಲಿ ಅಂದೆ. ಯಾರ ಮುಖವನ್ನೂ ನೋಡಲಿಲ್ಲ.

ಅದು ಮನೆಗೆ ಬಂದದ್ದು ಗುರುವಾರ ಸಂಜೆ. ಶುಕ್ರವಾರ ನಾನು ರಂಗನಾಥಸ್ವಾಮಿ ಗುಡಿಗೆ ಹೋಗಿ ಬರುವಷ್ಟರಲ್ಲಿ ಅತ್ತೆಮ್ಮ ಹಿತ್ತಲ ಕಲ್ಲಿನ ಮೇಲೆ ಕೂತಿದ್ದರು. ದೇವರ ದೀಪ, ಗಂಟೆ, ಆರತಿ ತಟ್ಟೆ ಎಲ್ಲ ತಿಕ್ಕಿ ತೊಳೆದು ಬಿಸಿಲಿಗೆ ಕವುಚಿಟ್ಟಿದ್ದರು. ಅವುಗಳ ಸಾಲಿನಲ್ಲಿ ಇಂಜಿನ್ನೂ ಇತ್ತು. ಹುಣಸೆಹಣ್ಣು, ಬೂದಿ, ತೆಂಗಿನ ನಾರು. ಕಪ್ಪು ಬಣ್ಣ ಪೂರ್ತಿ ಎದ್ದುಹೋಗಿ, ಹಳದಿ ಗೆರೆಯೂ ಹೋಗಿ, ಇಂಜಿನ್ ಚಿನ್ನದ ಬಿಂದಿಗೆಯ ಹಾಗೆ ಹೊಳೆಯುತ್ತಿತ್ತು. ಕೊಳವೆಯ ನೆತ್ತಿಯ ಮೇಲೆ ಕುಂಕುಮದ ಬೊಟ್ಟು.

"ಅತ್ತೆಮ್ಮಾ!" ಅಂದೆ.

"ಏನ್ ಅತ್ತೆಮ್ಮ? ಅಷ್ಟ್ ದುಡ್ ಕೊಟ್ಟು ಮಸಿ ಹಿಡ್ದಿರೋದ್ನ ತಂದಿದೀರ. ಶುಕ್ರವಾರ ಮನೇಲ್ ಇರೋ ಇತ್ತಾಳೇನ ಬೆಳ್ಗ್ದೇ ಬುಟ್ಟಾರಾ? ಉಜ್ಜೀ ಉಜ್ಜೀ ನನ್ ಬೆಳ್ಳು ನೋಡು."

ಇವರು ಹಿಂದಿನಿಂದ ಬಂದರು. ಇಂಜಿನ್ ಎತ್ತಿಕೊಂಡು ಆಚೆ ಈಚೆ ತಿರುಗಿಸಿದರು.

"ಅವ್ವ, ಇದು ಇಂಜಿನ್ನಾ, ದೀಪಾಲೆ ಕಂಬಾನಾ?"

"ಎರಡ್ನೂ ಮಾಡ್ಕೊ. ಬೆಂಕಿ ಅಂತೂ ಹಚ್ಚೋದೆಯ" ಅಂದರು ಅತ್ತೆಮ್ಮ, ಕೈ ತೊಳೆಯುತ್ತಾ.

ಇವರು ಬಯ್ಯಲಿಲ್ಲ. ಇಂಜಿನ್ನನ್ನು ಬಿಸಿಲಿಗೆ ಹಿಡಿದು ಇನ್ನೂ ನೋಡುತ್ತಲೇ ಇದ್ದರು. ಬಣ್ಣದ ಅಡಿಯಲ್ಲಿ ಮುಚ್ಚಿಹೋಗಿದ್ದ ಬೆಸುಗೆಗಳೆಲ್ಲ ಈಗ ಕಾಣುತ್ತಿದ್ದವು, ಕೂದಲೆಳೆಯ ಹಾಗೆ. ಸ್ವಲ್ಪ ಹೊತ್ತಾದ ಮೇಲೆ ಮುಂದಿನ ಕೋಣೆಯ ಬಾಗಿಲು ಕಿರ್ ಅಂತು. ಕಣ್ಣಿಗೆ ಹಿಡಿದು ನೋಡುವ ಭೂತಗನ್ನಡಿಯನ್ನು ಹುಡುಕಿ ತಂದು ಜಗುಲಿಯಲ್ಲಿ ಕೂತರು. "ಯಾವ ಪುಣ್ಯಾತ್ಮ ಹಾಕಿದ್ದಾನೋ ಈ ಬೆಸುಗೇನ" ಅಂತ ಅವರಷ್ಟಕ್ಕೆ ಅಂದುಕೊಂಡರು. ಕೋಣೆಯೊಳಗೆ ಹೋದದ್ದು ಕನ್ನಡಿ ತರುವುದಕ್ಕೆ ಮಾತ್ರ. ಆದರೂ ಆ ಕಿರ್ ಸದ್ದಿಗೆ ನಾನು ಒಳಗೆ ಹೋಗಿ ದೇವರಿಗೆ ಒಂದು ತುಪ್ಪದ ಬತ್ತಿ ಹೆಚ್ಚಿಗೆ ಹಚ್ಚಿದೆ. ಅತ್ತೆಮ್ಮನಿಗೆ ಕಾಫಿಗೆ ಸಕ್ಕರೆಯನ್ನೂ ಹೆಚ್ಚಿಗೆ ಹಾಕಿದೆ.

ಮುಂದಿನ ವಾರ ಕಿಕ್ಕೇರಿಗೆ ಹೋದೆವು. ಕೆ.ಆರ್.ಪೇಟೆಯಲ್ಲಿ ಬಸ್ಸು ಬದಲಾಯಿಸಿ ಹೋಗಬೇಕು. ಇಂಜಿನ್ನನ್ನು ನನ್ನ ಹಳೇ ಸೀರೆಯಲ್ಲಿ ಸುತ್ತಿ ಚೀಲದಲ್ಲಿಟ್ಟು, ಇವರು ತೊಡೆಯ ಮೇಲಿಟ್ಟುಕೊಂಡೇ ಕೂತರು. ಕಂಡಕ್ಟರು "ಕೋಳಿಯೇನಜ್ಜ?" ಅಂತ ಕೇಳಿದ. "ರೈಲು" ಅಂದರು ಇವರು. ಅವನು ಟಿಕೇಟು ಹರಿದುಕೊಟ್ಟು ಮುಂದಕ್ಕೆ ಹೋದ, ಈ ಮುದುಕನಿಗೆ ಏನೋ ಆಗಿದೆ ಅನ್ನುವ ಮುಖ ಮಾಡಿಕೊಂಡು.

ಪಾಂಡವಪುರದವರ ತಂಗಿಯ ಮನೆಯಲ್ಲಿ ಹಸುಗಳಿದ್ದವು. ನಾವು ಹೋದಾಗ ಆಕೆ ಡೇರಿಗೆ ಹಾಲು ಹಾಕಿ ಕ್ಯಾನು ತೊಳೆಯುತ್ತಿದ್ದರು. ನಾವು ಯಾರು, ಏಕೆ ಬಂದೆವು ಎಂದು ಹೇಳಿದ ಮೇಲೆ ಬಹಳ ಹೊತ್ತು ಕ್ಯಾನನ್ನೇ ತೊಳೆದರು.

"ಅಂತೂ ಮಾರ್ಬುಟ್ನಾ ನಮ್ಮಣ್ಣ? ನಂಗೊಂದ್ ಮಾತ್ ಕೇಳ್ದೇ?"

ಕ್ಯಾನನ್ನು ಬಿಸಿಲಿಗೆ ಕವುಚಿಟ್ಟರು.

"ಬನ್ನಿ, ಮೊದ್ಲು ಮಜ್ಗೆ ಕುಡೀರಿ" ಅಂತ ಒಳಕ್ಕೆ ಕರೆದರು. ಮಜ್ಜಿಗೆ ಕೊಟ್ಟು, ಅಟ್ಟ ಹತ್ತಿ, ಒಂದು ಮರದ ಪೆಟ್ಟಿಗೆ ಇಳಿಸಿದರು. ರಾಗಿ ಹುಲ್ಲಿನ ಮಧ್ಯೆ ನಾಲ್ಕು ಬೋಗಿಗಳು, ಗೂಡಿನಲ್ಲಿ ಮೊಟ್ಟೆಯಿಟ್ಟ ಹಾಗೆ. ಇಟ್ಟಿಗೆ ಬಣ್ಣ, ಹಳದಿ ಗೆರೆ, ಕಿಟಕಿಗೆ ಸಣ್ಣ ಸಣ್ಣ ಗಾಜು. ಒಳಗೆ ಬೆಂಚುಗಳು. ಒಂದರ ಬಾಗಿಲು ತೆಗೆದು ಹಾಕಿ ಮಾಡಬಹುದಿತ್ತು. ಇಷ್ಟು ವರ್ಷವಾದರೂ ಧೂಳಿಲ್ಲ. ಆಕೆ ವರ್ಷವರ್ಷವೂ ಹುಲ್ಲು ಬದಲಾಯಿಸಿದ್ದಾರೆ ಅಂತ ನನಗೆ ತಿಳಿಯಿತು.

ಇವರು ಸೀರೆ ಬಿಚ್ಚಿ ಇಂಜಿನ್ನನ್ನು ಪಕ್ಕಕ್ಕಿಟ್ಟರು.

"ಇದ್ಯಾಕೆ ಇದು ಮದ್ವೆ ಗಂಡ್ನಂಗೆ ಒಳೀತದೆ?" ಅಂತ ಆಕೆ ಬಾಯಿಯ ಮೇಲೆ ಸೆರಗಿಟ್ಟುಕೊಂಡರು. ಅತ್ತೆಮ್ಮ ತಿಕ್ಕಿದ ಕಥೆ ಹೇಳಿದೆ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ನೀರು ನಗುವಿನದ್ದು ಮಾತ್ರ ಅಲ್ಲ ಅನಿಸಿತು, ಒರೆಸಿಕೊಳ್ಳುವುದು ಅಷ್ಟು ಹೊತ್ತಾಯಿತು. ಆಮೇಲೆ ಇಂಜಿನ್ನಿನ ಮೊಂಡು ಕೊಂಡಿಯನ್ನೂ ಬೋಗಿಯ ಮೊಂಡು ಕೊಂಡಿಯನ್ನೂ ಎದುರುಬದುರು ಹಿಡಿದರು. ಗರಗಸದ ಹಲ್ಲಿನ ಗುರುತು ಎರಡರಲ್ಲೂ ಹಾಗೇ ಇತ್ತು.

"ಮಾರೋ ಮಾತು ಆಮೇಲಾಡಣ" ಅಂದರು. "ಮೊದ್ಲು ಇವೆರಡ್ನೂ ಸೇರ್ಸಿ, ಓಡಿಸಿ ತೋರ್ಸಿ. ನಾ ಸಣ್ಣೋಳಿದ್ದಾಗ ನೋಡಿದ್ದು. ಕೊಂಡಿ ಯಾರು ಹಾಕ್ತಾರೆ?"

ನಾನು ಬೇಕೆಂದೇ ಮಜ್ಜಿಗೆ ಲೋಟದೊಳಗೆ ನೋಡುತ್ತಾ ಕೂತೆ.

"ಯಾರಿಗಾದರೂ ಕೊಟ್ಟು ಹಾಕಿಸ್ತೀವಿ" ಅಂದರು ಇವರು.

"ಯಾರ್ಗಾರ ಯಾಕೆ? ಅಕ್ಸಾಲಿ ಅಂತೀರ, ನೀವೇ ಹಾಕಿ."

ಆಗ ಇವರು ತಾಳಿ ಕರಗಿದ್ದನ್ನು ಹೇಳಿದರು. ನನ್ನ ಮುಂದೆಯೂ ಬಾಯಿಬಿಟ್ಟು ಹೇಳಿರದಿದ್ದ ಭಯವನ್ನೂ ಆ ಗುರುತಿಲ್ಲದ ಹೆಂಗಸಿನ ಮುಂದೆ ಹೇಳಿದರು. ಉರಿ ಕಂಡರೆ ಕೈ ಹಿಂದಕ್ಕೆ ಬರುತ್ತದೆ, ಕಣ್ಣು ಸರಿಯಾಗಿದೆ, ಕೈ ಒಪ್ಪುತ್ತಿಲ್ಲ ಅಂದರು.

ಆಕೆ ಕೇಳಿಕೊಂಡರು. "ಓದ್ ವರ್ಸ ನಮ್ಮ ಕೆಂದ್ ಹಸ ಒದ್ದು ನನ್ ಮಣಿಕಟ್ಟು ಮುರೀತು. ಮೂರ್ ತಿಂಗ್ಳು ಪಟ್ಟಿ. ಆಮೇಲೆ ಅದೇ ಹಸೀನ ಕೆಚ್ಲಿಗೇ ಕೈ ಹಾಕ್ದೆ. ಬ್ಯಾರೆ ಹಸ ಎಲ್ಲಿಂದ ತರ್ಲಿ? ನಿಮ್ಮಂಗೇ ಹಿಂದಕ್ ಬತ್ತಿತ್ತು ಕೈ. ಹಾಲು ಬಂತು." ಅಷ್ಟು ಹೇಳಿ ಬೋಗಿಗಳನ್ನು ಹುಲ್ಲಿನ ಸಮೇತ ನಮ್ಮ ಚೀಲಕ್ಕೆ ತುಂಬಿದರು. ದುಡ್ಡು ಮುಟ್ಟಲಿಲ್ಲ. "ಆಯುದ್ಪೂಜೆ ದಿನ ಬತ್ತೀನಿ ನಿಮ್ಮನೇಗೆ. ಓಡ್ಲಿಲ್ಲಾಂದ್ರೆ ವಾಪಸ್ ತಕಂಡೋಯ್ತೀನಿ."

ಬೋಗಿಗಳು ಮನೆಗೆ ಬಂದು ಮೂಲೆಯಲ್ಲಿ ಕೂತವು. ಇವರು ಅವುಗಳನ್ನು ತೆಗೆದು ನೋಡುವರು, ಇಡುವರು. ಕೊನೆಗೆ ನನ್ನ ತವರಿಗೆ ಫೋನು ಮಾಡಿದರು. ನನ್ನ ತವರು ನಾಗಮಂಗಲ. ನಮ್ಮಣ್ಣ ಹಿತ್ತಾಳೆ, ಕಂಚು ಎರಕ ಹೊಯ್ಯುವವನು.

"ಭಾವ, ಕಳ್ಸಿಕೊಡ್ತೀನಿ, ಒಂದು ಸಣ್ಣ ಬೆಸುಗೆ" ಅಂದರು.

ಅವನ ಗಂಟಲು ದೊಡ್ಡದು, ಅಡುಗೆಮನೆಗೂ ಕೇಳಿಸುತ್ತಿತ್ತು. "ನಮ್ದು ಗಂಟೆ ಹೊಯ್ಯೋ ಕೈ ಕಣ್ ಭಾವ! ನಮ್ ಕುಲುಮೆಗಿಟ್ರೆ ನಿಮ್ ಇಂಜಿನ್ನು ಪಾಯಸ ಆಗ್ಬುಡ್ತದೆ. ಅದು ನಿಮ್ ಕೆಲ್ಸ. ನನ್ ತಂಗೀನ ಅಕ್ಸಾಲಿಗೆ ಕೊಟ್ಟಿದ್ದೀವಿ ಅಂತ ಊರೆಲ್ಲಾ ಏಳ್ಕಂಡಿವ್ನಿ, ಮಾನ ಕಳೀಬ್ಯಾಡಿ."

ನಾನು ಅವನಿಗೆ ಏನೂ ಹೇಳಿಕೊಟ್ಟಿರಲಿಲ್ಲ. ದೇವರೇ ಹೇಳಿಸಿದ್ದು.

ಗೊಂಬೆ ಕೂರಿಸುವ ಹಿಂದಿನ ದಿನ, ಬೆಳಗಿನ ತಿಂಡಿಯಾದ ಮೇಲೆ, ಇವರು ಮುಂದಿನ ಕೋಣೆಗೆ ಹೋದರು. ಮಣೆ ಒರೆಸುವ ಸದ್ದು ಕೇಳಿತು. ನಾನು ದೇವರ ಮನೆಯ ಬಾಗಿಲಲ್ಲೇ ನಿಂತೆ, ಕರೆದಾರು ಅಂತ. ಕರೆಯಲಿಲ್ಲ. ಬೆಂಕಿಕಡ್ಡಿ ಗೀರಿದ ಸದ್ದು ಬಂತು. ಹೋಗಿ ನೋಡಿದೆ.

"ದೇವರ ದೀಪ ತರ್ಲಾ?" ಅಂದೆ.

"ಬೇಡ ಬಿಡು. ಆಟದ ಸಾಮಾನಿಗೆ ಅದೆಲ್ಲ ಯಾಕೆ" ಅಂದರು, ತಲೆ ಎತ್ತದೆ.

ಅದನ್ನೂ ನಾನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಮಣೆಯ ಮೇಲೆ ಕೂತಿದ್ದಾರಲ್ಲ. ಎರಡು ಮೊಂಡುಗಳ ಗರಗಸದ ಗುರುತನ್ನು ಅರದಿಂದ ಉಜ್ಜಿ ತೆಗೆದರು. ಒಂದಕ್ಕೆ ಕೊಕ್ಕೆ, ಇನ್ನೊಂದಕ್ಕೆ ಬಳೆ, ಬೇಕಾದಾಗ ಸೇರಿಸಿ ಬೇಡವಾದಾಗ ಬಿಡಿಸುವ ಹಾಗೆ ಹೊಸದು ಬಗ್ಗಿಸಿಕೊಂಡರು. ಬಿಳಿಗಾರ ತೇಯ್ದು ಹಚ್ಚಿದರು. ಅದನ್ನು ಹಚ್ಚಿದರೇ ಬೆಸುಗೆ ಹರಿಯುವುದು. ಊದುಗೊಳವೆ ಬಾಯಿಗಿಟ್ಟರು. ಉರಿ ಅತ್ತಿತ್ತ ಹೋಯಿತು. ಕೊಳವೆ ಕೆಳಗಿಟ್ಟರು. ಮತ್ತೆ ಎತ್ತಿಕೊಂಡರು. ನಾನು ಬಾಗಿಲಲ್ಲಿ ನಿಂತು ನಿಮಿಷಾಂಬನ ಹೆಸರು ಹೇಳುತ್ತಾ ಇದ್ದೆ. ಬೆಸುಗೆ ಒಂದು ಕ್ಷಣ ಮುತ್ತಿನ ಹಾಗೆ ಉರುಳಿ, ಸಂದಿಯೊಳಗೆ ಸರ್ರನೆ ಹರಿದು ಕೂತಿತು. ನೀರಿಗೆ ಹಾಕಿದಾಗ ಚುಂಯ್ ಅಂತು.

ಅತ್ತೆಮ್ಮ ನಡುಮನೆಯಿಂದಲೇ, "ಏನ್ಲಾ ಅದು, ಒಗ್ಗರಣೆಯಾ?" ಅಂದರು.

"ಹೂಂ ಕಣವ್ವ, ರೈಲಿಗೆ" ಅಂದರು ಇವರು.

ಆಯುಧಪೂಜೆಯ ದಿನ ಹತಾರಗಳನ್ನೆಲ್ಲ ತೊಳೆದು, ಅರಿಶಿನ ಕುಂಕುಮವಿಟ್ಟು, ಮಣೆಯ ಮೇಲೆ ಜೋಡಿಸಿ ಪೂಜೆ ಮಾಡಿದೆವು. ಮಧ್ಯಾಹ್ನದ ಮೇಲೆ ಕಿಕ್ಕೇರಿಯ ತಂಗಿ ಬಂದರು. ಪಾಂಡವಪುರದ ಅಣ್ಣನನ್ನೂ ನಾನು ಗೊಂಬೆ ನೋಡಲು ಕರೆದಿದ್ದೆ. ಇಬ್ಬರನ್ನೂ ಕರೆದಿದ್ದೇನೆ ಅಂತ ಇಬ್ಬರಿಗೂ ಹೇಳಿರಲಿಲ್ಲ. ಬಾಗಿಲಲ್ಲಿ ಒಬ್ಬರನ್ನೊಬ್ಬರು ಕಂಡು ಇಬ್ಬರೂ ಚಪ್ಪಲಿ ಬಿಡುವುದರಲ್ಲಿ ಬಹಳ ಹೊತ್ತು ಮಾಡಿದರು.

"ಇಂಜಿನ್ ಯಾಕಣ್ಣ ಮಾರ್ದೆ?"

"ಬೋಗಿ ಇಲ್ದಿರೋ ಇಂಜಿನ್ ಇಟ್ಕಂಡು ಏನ್ ಮಾಡ್ಲಿ? ನೀನ್ ಕೊಡ್ಲಿಲ್ಲ."

"ನೀನ್ ಕೇಳ್ಲಿಲ್ಲ."

ಅತ್ತೆಮ್ಮ ಕೋಸಂಬರಿ ತಟ್ಟೆ ಚಾಚಿದರು. "ತಿನ್ರಪ್ಪ. ಬಾಯಿ ತುಂಬ್ಕಂಡ್ರೆ ಜಗ್ಳ ಬರಕಿಲ್ಲ."

ಗೊಂಬೆಯ ಮೆಟ್ಟಿಲುಗಳ ಮುಂದೆ ಹಳಿಗಳನ್ನು ಗುಂಡಗೆ ಜೋಡಿಸಿದ್ದೆವು. ಅಣ್ಣ ನೀರು ತುಂಬಿಸಿದರು. ಇವರು ಸ್ಪಿರಿಟ್ ಹಾಕಿದರು, ಇವರೇ ಕಡ್ಡಿ ಗೀರಿದರು. ಈ ಸಲ ಹಿಂದಕ್ಕೆ ಸರಿಯಲಿಲ್ಲ. ತಂಗಿ ತನ್ನ ಕೈಯಿಂದಲೇ ಬೋಗಿಯ ಬಳೆಯನ್ನು ಇಂಜಿನ್ನಿನ ಕೊಕ್ಕೆಗೆ ಸಿಕ್ಕಿಸಿದರು. ಹಬೆ ಕಟ್ಟಿತು. ಮೊದಲ ಸಲ ನೂಕಿದಾಗ ಇಂಜಿನ್ ಜಗ್ಗಿ ನಿಂತುಬಿಟ್ಟಿತು, ಬೋಗಿಗಳ ಚಕ್ರ ಅಷ್ಟು ವರ್ಷದಿಂದ ತಿರುಗಿರಲಿಲ್ಲ. ಅತ್ತೆಮ್ಮ ಕೊಬ್ಬರಿ ಎಣ್ಣೆಯ ಬಟ್ಟಲು ಮುಂದಕ್ಕೆ ತಳ್ಳಿದರು. ಚಕ್ರಗಳಿಗೆ ಒಂದೊಂದು ಹನಿ ಬಿಟ್ಟ ಮೇಲೆ, ಚಿನ್ನದಂಥ ಇಂಜಿನ್ ಇಟ್ಟಿಗೆ ಬಣ್ಣದ ಬೋಗಿಗಳನ್ನು ಎಳೆದುಕೊಂಡು ಪಟ್ಟದ ರಾಜ ರಾಣಿಯ ಮುಂದೆ ಹೋಯಿತು. ಬಣ್ಣ ಹೊಂದುತ್ತಿರಲಿಲ್ಲ. ಕೊಂಡಿ ಹೊಂದಿತ್ತು. ಅಣ್ಣ ತಂಗಿ ಇಬ್ಬರೂ ನೆಲಕ್ಕೆ ಕೂತುಬಿಟ್ಟಿದ್ದರು, ಆ ವಯಸ್ಸಿನಲ್ಲಿ. ನೀರು ಮುಗಿದು ನಿಲ್ಲುವವರೆಗೂ ಏಳಲಿಲ್ಲ.

ಆಮೇಲೆ ನಾನು ತಟ್ಟೆಯಲ್ಲಿ ಎಲೆ ಅಡಿಕೆಯ ಜೊತೆ ಬೋಗಿಯ ಹಣವನ್ನಿಟ್ಟು ತಂಗಿಯ ಮುಂದೆ ಹಿಡಿದೆ. ಆಕೆ ಎಲೆ ಅಡಿಕೆ ತೆಗೆದುಕೊಂಡು ಹಣವನ್ನು ಬಿಟ್ಟರು. ಸೊಂಟದಿಂದ ಒಂದು ಬಟ್ಟೆಯ ಗಂಟು ಬಿಚ್ಚಿ ಇವರ ಮುಂದಿಟ್ಟರು. ಹಳೇ ಕಾಲದ ಚಿನ್ನದ ಓಲೆ ಒಂದು ಜೊತೆ, ಒಂದರ ತಿರುಪಿನ ಕಡ್ಡಿ ಮುರಿದಿತ್ತು.

"ನಮ್ಮವ್ವನವು. ಬೋಗಿಗೆ ದುಡ್ ಬ್ಯಾಡ. ಇದ್ನ ಮಾಡ್ಕೊಡಿ."

ಇವರು ಓಲೆಯನ್ನು ಮುಟ್ಟಲಿಲ್ಲ. "ಅಮ್ಮ, ಹಿತ್ತಾಳೆ ಬೇರೆ. ಇದು ಚಿನ್ನ. ನಿಮ್ಮ ತಾಯಿಯವರದ್ದು. ಮಂಡ್ಯದಲ್ಲಿ ದೊಡ್ಡ ಅಂಗಡಿ ಇವೆ..."

"ಅಂಗ್ಡಿಯೋರು ಕರಗ್ಸಿ ಹೊಸ್ದು ತಕಳಿ ಅಂತಾರೆ. ನಂಗೆ ಹೊಸ್ದು ಬ್ಯಾಡ."

"ಕೈ ತಪ್ಪಿದರೆ?"

ಆಕೆ ನಿಂತಿದ್ದ ರೈಲನ್ನು ನೋಡಿದರು. "ತಪ್ಪುದ್ರೆ ಬೋಗಿ ವಾಪಸ್ ತಕಂಡೋಯ್ತೀನಿ" ಅಂದರು. ಅಣ್ಣ ಗಟ್ಟಿಯಾಗಿ ನಕ್ಕುಬಿಟ್ಟರು.

ಇವರು ನಗಲಿಲ್ಲ, ಬೇಡವೆಂದು ಇನ್ನೊಂದು ಸಲ ಹೇಳಲೂ ಇಲ್ಲ. ಗಂಟನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ, ಪೂಜೆಗಿಟ್ಟ ಹತಾರಗಳ ಮಧ್ಯೆ, ಊದುಗೊಳವೆಯ ಪಕ್ಕ ಇಟ್ಟು ಕೈಮುಗಿದರು. ಅಣ್ಣ ತಂಗಿ ಒಂದೇ ಆಟೋದಲ್ಲಿ ಬಸ್‌ಸ್ಟಾಂಡಿಗೆ ಹೋದರು. ಆಟೋ ತಿರುವಿನಲ್ಲಿ ಮರೆಯಾಗುವವರೆಗೂ ಹಂಡೆ ಕೊಪ್ಪರಿಗೆಯ ವಿಷಯವೇನೋ ಜೋರಾಗಿ ಮಾತಾಡುತ್ತಿದ್ದರು.

ಮಾರನೇ ದಿನ ದಶಮಿ. ನಾನು ಸ್ನಾನ ಮಾಡಿ, ದೇವರ ದೀಪ ಹಚ್ಚಿ, ಹೂ ಮುಡಿಸುತ್ತಿದ್ದೆ. ಅತ್ತೆಮ್ಮ ತುಳಸಿಗೆ ನೀರು ಹಾಕುತ್ತಿದ್ದರು. ಮುಂದಿನ ಕೋಣೆಯ ಬಾಗಿಲು ಕಿರ್ ಅಂತು. ಮಣೆ ಎಳೆದ ಸದ್ದಾಯಿತು. ಬೆಂಕಿಪೊಟ್ಟಣದ ಸದ್ದಿಗೆ ಕಿವಿಗೊಟ್ಟು ನಿಂತೆ.

ಅದು ಬರಲಿಲ್ಲ.

"ಏ, ಇವಳೇ," ಅಂದರು ಇವರು ಒಳಗಿನಿಂದ. "ದೀಪ ತರ್ತೀಯಾ?"

ಬತ್ತಿ ಹಚ್ಚಿಕೊಂಡೆ. ಗಾಳಿಗೆ ಆರದ ಹಾಗೆ ಸೆರಗು ಮರೆ ಹಿಡಿದು, ನಡುಮನೆಯಲ್ಲಿ ಹಳಿಗಳನ್ನು ದಾಟಿಕೊಂಡು ಹೋದೆ.